ಮಗ್ಗುಲು ತಿರುಗಿಸಿದವಳು

ನನಗೆ ಪ್ರಶಸ್ತಿ ಕೊಡುವ ದಿನವೇ ಮರಿಯಮ್ಮ ತನ್ನ ಯೂನಿಫಾರ್ಮ್ ವಾಪಸು ಕೊಡಲು ಬಂದಿದ್ದಳು. ನನಗೆ ಕರುಣೆಗೆಂದು ಪ್ರಶಸ್ತಿ. ಅವಳಿಗೆ ಒಬ್ಬ ಮುದುಕಿಗೆ ನೀರು ಕುಡಿಸಿದ್ದಕ್ಕೆ ಶಿಕ್ಷೆ. ರೋಗಿ ಒಬ್ಬರೇ, ಹಾಸಿಗೆ ಒಂದೇ. ಹೊಗಳಿಕೆಯನ್ನೂ ದೂರನ್ನೂ ಬರೆದ ಕೈಯೂ ಒಂದೇ. ಇದನ್ನು ಸಮಾಧಾನವಾಗಿ ಹೇಳು ಅಂದರೆ ನನ್ನ ಕೈಲಿ ಆಗುವುದಿಲ್ಲ.

ನಾನು ಶ್ವೇತಾ. ಬನಶಂಕರಿಯ ಒಂದು ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸ್ಟಾಫ್ ನರ್ಸ್. ಆರು ವರ್ಷದಿಂದ ಕಾಂಟ್ರಾಕ್ಟ್. ಪ್ರತಿ ಮಾರ್ಚ್ ತಿಂಗಳು ಒಂದು ಕಾಗದಕ್ಕೆ ಸಹಿ ಹಾಕಿ ಇನ್ನೊಂದು ವರ್ಷಕ್ಕೆ ಉಸಿರು ಬಿಡುವ ನೌಕರಿ. ನಮ್ಮ ವಾರ್ಡಿನಲ್ಲಿ ಇರುವವರು ಲಕ್ವಾ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು. ತಾವಾಗಿ ಮಗ್ಗುಲು ತಿರುಗಲಾರದವರು. ಹನ್ನೆರಡು ಹಾಸಿಗೆಗೆ ಒಬ್ಬಳು ನರ್ಸ್, ಒಬ್ಬಳು ಆಯಾ.

ಇಂಥ ರೋಗಿಗಳನ್ನು ಎರಡು ಗಂಟೆಗೊಮ್ಮೆ ತಿರುಗಿಸಬೇಕು. ಎಡ, ಅಂಗಾತ, ಬಲ. ತಿರುಗಿಸದಿದ್ದರೆ ಸ್ವಂತ ಮೈಭಾರಕ್ಕೇ ಚರ್ಮ ಸಾಯುತ್ತದೆ. ಮೊದಲು ಕೆಂಪು, ಆಮೇಲೆ ಹುಣ್ಣು, ಆಮೇಲೆ ಮೂಳೆ ಕಾಣುವ ಗುಂಡಿ. ಬೆಡ್ ಸೋರ್ ಅನ್ನುತ್ತೇವೆ. ಅದಕ್ಕೇ ಪ್ರತಿ ಹಾಸಿಗೆಯ ಕಾಲ ಬಳಿ ಒಂದು ಚಾರ್ಟ್ ನೇತು ಹಾಕಿರುತ್ತಾರೆ. ಎಷ್ಟು ಗಂಟೆ, ಯಾವ ಮಗ್ಗುಲು, ನರ್ಸಿನ ಸಹಿ. ಮೂರೇ ಕಾಲಮ್. ತಿರುಗಿಸುವವಳು ಆಯಾ, ಸಹಿ ಮಾಡುವವರು ನಾವು. ಆಯಾಳ ಹೆಸರು ಬರೆಯಲು ಜಾಗವಿಲ್ಲ. ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.

ಮರಿಯಮ್ಮನಿಗೆ ಐವತ್ತೆರಡು ವರ್ಷ. ಏಜೆನ್ಸಿಯಿಂದ ಬಂದು ಇಲ್ಲಿ ಹದಿನೈದು ವರ್ಷವಾಗಿದ್ದ ಆಯಾ. ಕುಳ್ಳಗಿನ ಹೆಂಗಸು, ಮುಂಗೈ ಮಾತ್ರ ಗಂಡಸರ ಮುಂಗೈ. ಬೆಳಿಗ್ಗೆ ಏಳಕ್ಕೆ ಬಂದವಳು ಮೊದಲು ಹನ್ನೆರಡು ಡೈಪರ್ ಬಿಚ್ಚುತ್ತಿದ್ದಳು. ಹೇಲು ಬಳಿದು, ಬಿಸಿನೀರಲ್ಲಿ ಒರೆಸಿ, ಒಣಗಿಸಿ, ಪುಡಿ ಹಚ್ಚುತ್ತಿದ್ದಳು. ಆಮೇಲೆ ಶುರು. ಹೆಗಲ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ, ತನ್ನ ಮೊಣಕಾಲನ್ನು ಮಂಚದ ಕಂಬಿಗೆ ಒತ್ತಿ ಎಪ್ಪತ್ತು ಎಂಬತ್ತು ಕೆ.ಜಿ. ಮೈಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದು. ಬೆನ್ನಿಗೆ ದಿಂಬು, ಕಾಲ ನಡುವೆ ದಿಂಬು. ಹನ್ನೆರಡನೆಯವರು ಮುಗಿಯುವ ಹೊತ್ತಿಗೆ ಮೊದಲನೆಯವರ ಸರದಿ ಮತ್ತೆ ಬಂದಿರುತ್ತಿತ್ತು. ಅವಳು ಹೇಳದೆ ಯಾರ ಮೈಯನ್ನೂ ಮುಟ್ಟುತ್ತಿರಲಿಲ್ಲ. ಪ್ರಜ್ಞೆ ಇಲ್ಲದವರ ಕಿವಿಯಲ್ಲೂ "ಅಣ್ಣ, ಈಗ ಗೋಡೆ ಕಡೆ ಹೋಗಣ" ಅಂದೇ ತಿರುಗಿಸುತ್ತಿದ್ದಳು. ನಮಗೂ ಇದನ್ನು ಕಾಲೇಜಿನಲ್ಲಿ ಕಲಿಸಿದ್ದರು, ನಾವು ಮರೆತೆವು.

ಅವಳು ನಮ್ಮಮ್ಮನ ವಯಸ್ಸಿನವಳು. ಆದರೂ ನಾನು 'ಬಾ', 'ಹೋಗು' ಅನ್ನುತ್ತಿದ್ದೆ. ವಾರ್ಡಿನಲ್ಲಿ ಆಯಾಗಳಿಗೆ ಬಹುವಚನ ಹಾಕುವ ವಾಡಿಕೆ ಇರಲಿಲ್ಲ. ಅವಳು ನನ್ನನ್ನು 'ಸಿಸ್ಟ್ರೇ' ಅನ್ನುತ್ತಿದ್ದಳು.

ಮಾರ್ಚ್ ಮಧ್ಯದಲ್ಲಿ ಸತ್ಯಭಾಮಮ್ಮ ಬಂದರು. ಜಯನಗರದವರು, ನಿವೃತ್ತ ಹೈಸ್ಕೂಲ್ ಟೀಚರ್, ಎಪ್ಪತ್ತೊಂದು ವರ್ಷ. ಬಲಗಡೆ ಪೂರ್ತಿ ಹೋಗಿತ್ತು. ಮಾತು ತುಂಡು ತುಂಡು. ಮನೆಯಲ್ಲಿ ಒಂದು ತಿಂಗಳು ಅಂಗಾತ ಮಲಗಿಸಿಯೇ ಇಟ್ಟಿದ್ದರು. ಸೊಂಟದ ಕೆಳಗೆ ನಿಂಬೆಹಣ್ಣು ಹಿಡಿಸುವಷ್ಟು ಗುಂಡಿ ಬಿದ್ದಿತ್ತು. ಆ ವಾಸನೆಗೆ ಮಗಳು ವಿಭಾ ಕರ್ಚೀಫು ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತಳು. ಮರಿಯಮ್ಮ ಬಗ್ಗಿ ನೋಡಿ, "ವಾಸಿಯಾಗತ್ತೆ ಟೀಚರಮ್ಮ, ನೀವು ಹೆದರ್ಬೇಡಿ" ಅಂದಳು.

ಏಳು ವಾರದಲ್ಲಿ ವಾಸಿಯಾಯಿತು. ಡ್ರೆಸ್ಸಿಂಗ್ ಮಾಡಿದ್ದು ನಾನು, ಸುಳ್ಳಲ್ಲ. ಆದರೆ ಹೇಲು ಉಚ್ಚೆ ತಾಗದ ಹಾಗೆ ಆ ಜಾಗ ಒಣಗಿಸಿ ಇಟ್ಟವಳು ಮರಿಯಮ್ಮ. ಹಗಲೆಲ್ಲ ಎರಡು ಗಂಟೆಗೊಮ್ಮೆ ತಿರುಗಿಸಿದವಳು ಮರಿಯಮ್ಮ. ತಿರುಗಿಸದೆ ಎಷ್ಟು ಮುಲಾಮು ಹಚ್ಚಿದರೂ ಬೆಡ್ ಸೋರ್ ಮುಚ್ಚುವುದಿಲ್ಲ. ಇದು ನರ್ಸಿಂಗ್ ಓದಿದ ಯಾರಿಗಾದರೂ ಗೊತ್ತು.

ಮೂರನೇ ವಾರ ವಿಭಾ ಅವಳನ್ನು ಕೇಳಿದಳು. "ನಿಮ್ದು ಯಾವ ಏರಿಯಾ?"

"ತಿಲಕ್ ನಗರ ದಾಟಿ ಮೇಡಂ, ಪೌರಕಾರ್ಮಿಕರ ಕಾಲೊನಿ. ನಮ್ಮೆಜಮಾನ್ರು ಮ್ಯಾನ್‌ಹೋಲ್ ಇಳೀತಿದ್ರು. ಅದ್ರಲ್ಲೇ ಹೋಗ್ಬಿಟ್ರು."

ವಿಭಾ "ಓ" ಅಂದಳು. ಅಯ್ಯೋ ಅನ್ನಲಿಲ್ಲ. ಮಾರನೇ ದಿನ ನನ್ನನ್ನು ಕಾರಿಡಾರಿಗೆ ಕರೆದಳು. "ಸಿಸ್ಟರ್, ಅಮ್ಮಂಗೆ ಊಟ, ನೀರು ಮಾತ್ರ ನೀವೇ ಕೊಡಿ. ಆ ಆಯಾ ಬೇಡ. ಹೈಜೀನ್ ಅಷ್ಟೇ, ಬೇರೆ ಏನಿಲ್ಲ."

ರಾತ್ರಿ ಪಾಳಿಯ ಆಯಾ ಮುನಿಲಕ್ಷ್ಮಮ್ಮ. ಅರೆಕೆರೆಯ ಹಳೇ ಊರಿನವಳು, ಅವರಿಗೆ ಹಿಂದೆ ಹೊಲ ಇತ್ತು. ಅವಳೂ ಅದೇ ಹೇಲು ಬಳಿಯುತ್ತಿದ್ದಳು. ಅವಳು ರಾತ್ರಿ ಗಂಜಿ ತಿನ್ನಿಸಿದರೆ ಹೈಜೀನ್ ಅಡ್ಡ ಬರುತ್ತಿರಲಿಲ್ಲ. ನನಗೆ ಅರ್ಥವಾಗಿತ್ತು. "ಆಗ್ಲಿ ಮೇಡಂ" ಅಂದೆ.

ಮೇ ಹನ್ನೆರಡು ನರ್ಸುಗಳ ದಿನ. ನಮ್ಮ ಆಸ್ಪತ್ರೆಯಲ್ಲಿ ಆ ದಿನ 'ಕರುಣಾ ಪ್ರಶಸ್ತಿ' ಕೊಡುತ್ತಾರೆ. ರೋಗಿಯ ಕಡೆಯವರು ಫಾರ್ಮ್ ತುಂಬಿ ಹೆಸರು ಸೂಚಿಸಬೇಕು. ವಿಭಾ ನನ್ನ ಹೆಸರು ಬರೆದಳು. 'ಸಿಸ್ಟರ್ ಶ್ವೇತಾ ನಮ್ಮ ತಾಯಿಯನ್ನು ಸ್ವಂತ ಮಗಳಂತೆ ನೋಡಿಕೊಂಡರು. ಎರಡು ಗಂಟೆಗೊಮ್ಮೆ ತಪ್ಪದೆ ಮಗ್ಗುಲು ತಿರುಗಿಸಿ ಹುಣ್ಣನ್ನು ಗುಣಪಡಿಸಿದರು.' ಜೊತೆಗೆ ಚಾರ್ಟಿನ ಫೋಟೊ. ಸಾಲಿಗೆ ಸಾಲು ನನ್ನ ಸಹಿ. ಮರಿಯಮ್ಮ ತಿರುಗಿಸುವುದನ್ನು ಅವಳು ಎಷ್ಟು ಸಲ ಕಣ್ಣಾರೆ ಕಂಡಿದ್ದಳೋ. ಆದರೆ ಕೆಲಸದವಳು ಮಾಡಿದ ಕೆಲಸ ಇಂಥವರ ಕಣ್ಣಿಗೆ ನಾಟುವುದಿಲ್ಲ. ನಾಟಲಿ ಎಂದು ನಾನೂ ಬಾಯಿ ಬಿಡಲಿಲ್ಲ. ಪ್ರಶಸ್ತಿ ಬಂದವರನ್ನು ಪರ್ಮನೆಂಟ್ ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಅದಕ್ಕೆ ಮುಂಚಿನ ಶುಕ್ರವಾರ ಮಧ್ಯಾಹ್ನ ಆರನೇ ಹಾಸಿಗೆಯವನಿಗೆ ಫಿಟ್ಸ್ ಬಂತು. ನಾನು ಅವನನ್ನು ಹಿಡಿದುಕೊಂಡಿದ್ದೆ. ಆ ಕಡೆಯಿಂದ ಸತ್ಯಭಾಮಮ್ಮ ಒಂದೇ ಸಮನೆ "ನೀ... ನೀ..." ಅನ್ನುತ್ತಿದ್ದರು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಲಕ್ವಾ ಹೊಡೆದವರಿಗೆ ಬರೀ ನೀರು ಕೊಡುವಂತಿಲ್ಲ, ಶ್ವಾಸನಾಳಕ್ಕೆ ಹೋಗಿಬಿಡುತ್ತದೆ. ಪುಡಿ ಕಲಸಿ ಗಂಜಿಯಷ್ಟು ಗಟ್ಟಿ ಮಾಡಿ, ಎತ್ತಿ ಕೂರಿಸಿ, ಚಮಚದಲ್ಲಿ ಕೊಡಬೇಕು. ನಿಯಮದ ಪ್ರಕಾರ ನರ್ಸೇ ಕೊಡಬೇಕು. ಹನ್ನೆರಡು ಜನಕ್ಕೂ ನಿಯಮದ ಪ್ರಕಾರವೇ ಕೊಡುತ್ತಾ ಕೂತರೆ ಅರ್ಧ ಜನ ಬಾಯಾರಿಯೇ ಸಾಯಬೇಕು.

"ಮರಿಯಮ್ಮ, ಅವ್ರಿಗೆ ನೀರು ಕೊಡು" ಅಂದೆ.

"ಆ ಮಗಳು ಬೇಡ ಅಂದವ್ರೆ ಸಿಸ್ಟ್ರೇ."

"ನಾನ್ ಹೇಳ್ತಿದೀನಲ್ಲ. ಕೊಡು."

ಅವಳು ಕೈ ತೊಳೆದು ನೀರಿಗೆ ಪುಡಿ ಕಲಸಿದಳು. ಮಂಚದ ತಲೆಭಾಗ ಎತ್ತಿದಳು. ಗದ್ದ ಕೆಳಗೆ ಬಗ್ಗಿಸಿ ಅರ್ಧರ್ಧ ಚಮಚ ಕೊಟ್ಟಳು. ಒಂದು ಚೂರು ಕೆಮ್ಮು ಬರಲಿಲ್ಲ. ನಾನು ಕೊಟ್ಟಿದ್ದರೂ ಅಷ್ಟು ನಾಜೂಕಾಗಿ ಕೊಡುತ್ತಿರಲಿಲ್ಲ. ಆಗ ವಿಭಾ ಒಳಗೆ ಬಂದಳು. ಚಮಚ ಕಿತ್ತು ಬೇಸಿನ್ನಿಗೆ ಎಸೆದಳು.

"ಏನ್ರೀ ಇದು! ಆ ಕೈಲಿ ಏನೇನ್ ಬಳೀತೀರ, ಅದೇ ಕೈಲಿ ನಮ್ಮಮ್ಮನ ಬಾಯಿಗಾ?"

"ಕೈ ತೊಳ್ದಿದೀನಿ ಮೇಡಂ."

"ತೊಳೆದ್ಬಿಟ್ರೆ ಹೋಗುತ್ತಾ?"

ಇಡೀ ವಾರ್ಡಿಗೆ ಕೇಳಿಸಿತು. ಮರಿಯಮ್ಮ ನನ್ನ ಕಡೆ ನೋಡಿದಳು. ನಾನು ಆರನೇ ಹಾಸಿಗೆಯವನ ನಾಡಿ ಹಿಡಿದುಕೊಂಡು ಗಡಿಯಾರ ನೋಡಿದೆ. ಫಿಟ್ಸ್ ನಿಂತು ಎರಡು ನಿಮಿಷವಾಗಿತ್ತು. ನಾಡಿ ನೋಡುವ ಅಗತ್ಯ ಇರಲಿಲ್ಲ.

ಸಂಜೆ ನರ್ಸಿಂಗ್ ಸೂಪರಿಂಟೆಂಡೆಂಟ್ ರೇಣುಕವ್ವ ಮೇಡಂ ಕರೆಸಿದರು. ಅವರು ಹುಬ್ಬಳ್ಳಿ ಕಡೆಯವರು. ಮೇಜಿನ ಮೇಲೆ ವಿಭಾಳ ದೂರು, ಪಕ್ಕದಲ್ಲಿ ಟೈಪ್ ಮಾಡಿದ ನನ್ನ ಹೇಳಿಕೆ. 'ನಾನು ಬೇರೆ ರೋಗಿಯ ಬಳಿ ಇದ್ದಾಗ ನನ್ನ ಗಮನಕ್ಕೆ ಬಾರದಂತೆ ಆಯಾ ಮರಿಯಮ್ಮ ರೋಗಿಗೆ ನೀರು ಕುಡಿಸಿರುತ್ತಾರೆ.'

"ನಾನೇ ಹೇಳಿದ್ದು ಮೇಡಂ" ಅಂದೆ.

"ಗೊತ್ತೈತಿ" ಅಂದರು ಅವರು. "ಹೇಳಿದ್ಯಂದ್ರ ಇಬ್ಬರೂ ಹೋಗ್ತೀರಿ. ಸಹಿ ಮಾಡಿದ್ಯಂದ್ರ ಒಬ್ಬಾಕಿ ಹೋಗ್ತಾಳ. ನಿನ್ನ ಪರ್ಮನೆಂಟ್ ಫೈಲು ಮ್ಯಾಲೆ ಹೋಗೇತಿ ಶ್ವೇತಾ. ವಿಚಾರ ಮಾಡು."

ವಿಚಾರ ಮಾಡಲಿಲ್ಲ, ಸಹಿ ಮಾಡಿದೆ. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಮಾತು ಹೇಳಿಬಿಡಬೇಕು. ನಮ್ಮಮ್ಮ ಶ್ರೀನಗರದ ರಸ್ತೆಗಳನ್ನು ಇಪ್ಪತ್ತೆಂಟು ವರ್ಷ ಗುಡಿಸಿದಳು. ಗುಡಿಸಿಯೇ ನನ್ನನ್ನು ನರ್ಸಿಂಗ್ ಓದಿಸಿದಳು. ನಾನೂ ಮರಿಯಮ್ಮನೂ ಒಂದೇ ಜಾತಿ. ಆಸ್ಪತ್ರೆಯಲ್ಲಿ ಇದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳ ತಂಗಿ ಮತ್ತು ನಮ್ಮಮ್ಮ ಪಾಲಿಕೆಯ ಒಂದೇ ವಾರ್ಡಿನಲ್ಲಿ ರಸ್ತೆ ಗುಡಿಸಿದವರು. ಅವಳು ಒಂದು ದಿನವೂ ಅದನ್ನು ಆಡಲಿಲ್ಲ. ನನ್ನ ಬಿಳಿ ಕೋಟು ನೋಡಿ ಯಾರೂ ನನ್ನ ಏರಿಯಾ ಕೇಳಲಿಲ್ಲ. ಕೇಳಿಯಾರು ಎಂಬ ಹೆದರಿಕೆಯಲ್ಲೇ ಆರು ವರ್ಷ ಕಳೆದೆ. ಸಹಿ ಮಾಡಿಸಿದ್ದು ಪರ್ಮನೆಂಟ್ ನೌಕರಿಯ ಆಸೆಯೊಂದೇ ಅಲ್ಲ, ಈ ಹೆದರಿಕೆ ಕೂಡ.

ಸೋಮವಾರ ಹನ್ನೆರಡನೇ ತಾರೀಖು. ಸಂಜೆ ನಾಲ್ಕಕ್ಕೆ ಕೆಳಗಿನ ಹಾಲಿನಲ್ಲಿ ಸಮಾರಂಭ. ಹನ್ನೊಂದಕ್ಕೆ ವಾರ್ಡಿನಲ್ಲಿ ವಿಡಿಯೋ. ಆಸ್ಪತ್ರೆಯ ಪ್ರಚಾರ ನೋಡಿಕೊಳ್ಳುವ ದೀಪಕ್ ಒಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ವಿಭಾ ರೇಷ್ಮೆ ಸೀರೆಯಲ್ಲಿ ಬಂದಿದ್ದಳು.

"ತುಂಬ ಸಿಂಪಲ್ ಮೇಡಂ" ಅಂದ ದೀಪಕ್. "ನೀವು ಅಜ್ಜೀನ ಪ್ರೀತಿಯಿಂದ ತಿರುಗಿಸ್ಬೇಕು. ನಿಮ್ ಫೇಸ್ ಒಂದು, ಕೈ ಒಂದು. ಆಮೇಲೆ ವಾಸಿ ಆಗಿರೋ ಜಾಗ ಒಂದ್ ಕ್ಲೋಸಪ್. ಸಖತ್ತಾಗಿ ಬರುತ್ತೆ."

"ಬೆನ್ನು ತೋರಿಸ್ಬೇಕಾ?"

"ಫ್ಯಾಮಿಲಿ ಒಪ್ಪಿಗೆ ಕೊಟ್ಟಿದಾರೆ. ಸೈನ್ ಇದೆ."

ಸತ್ಯಭಾಮಮ್ಮನ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಅವರು ಕಣ್ಣು ತೆರೆದುಕೊಂಡೇ ಮಲಗಿದ್ದರು. ನಾನು ಗೌನಿನ ದಾರ ಬಿಚ್ಚಿದೆ. ಕ್ಯಾಮೆರಾ ದೀಪದ ಬೆಳಕು ನನ್ನ ಮುಖಕ್ಕೆ ಬಿತ್ತು. ಹೆಗಲ ಕೆಳಗೆ ಕೈ ಹಾಕಿ ಎಳೆದೆ. ಕ್ಯಾಮೆರಾದ ಕಡೆ ಮುಖ ಇರಲಿ ಎಂದು ದೀಪಕ್ ಹೇಳಿದ್ದರಿಂದ ಕಾಲು ಸರಿಯಾಗಿ ಊರಲಿಲ್ಲ. ಕಿವಿಯಲ್ಲಿ ಏನೂ ಹೇಳಲಿಲ್ಲ. ಸತ್ತ ಬಲತೋಳು ಮೈಯ ಕೆಳಗೆ ಸಿಕ್ಕಿ ತಿರುಚಿಕೊಂಡಿತು. ಸತ್ಯಭಾಮಮ್ಮ ಕಿರುಚಿದರು. ಎಡಗೈಯಲ್ಲಿ ಮಂಚದ ಕಂಬಿ ಹಿಡಿದುಕೊಂಡುಬಿಟ್ಟರು.

"ಬೇಡ. ಬೇಡ."

"ಅಮ್ಮಾ, ಒಂದೇ ನಿಮಿಷ, ಸಿಸ್ಟರ್ ಶ್ವೇತಾ ಅಲ್ವಾ" ಅಂದಳು ವಿಭಾ.

"ಬೇಡ. ಮರಿ... ಮರಿಯಮ್ಮ. ಅವ್ಳು."

ಮೂರು ಸಲ ಕಂಬಿ ಬಿಡಿಸಲು ನೋಡಿದೆವು. ಬಿಡಲಿಲ್ಲ. ಆ ಒಂದು ಕೈಯಲ್ಲಿ ಅಷ್ಟು ಹಟ ಇತ್ತು.

"ಯಾರ್ರೀ ಮರಿಯಮ್ಮ?" ದೀಪಕ್ ಗಡಿಯಾರ ನೋಡಿದ.

ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿ ತಿಪ್ಪಣ್ಣ ಹೇಳಿದ. "ಇಲ್ಲಿ ಆಯಾ ಇದ್ಲು ಸಾರ್. ಕೆಲ್ಸದಿಂದ ತೆಗ್ದವ್ರೆ. ಕೆಳಗಡೆ ಯೂನಿಫಾರ್ಮ್ ವಾಪಸ್ ಕೊಡ್ತಾವ್ಳೆ."

ದೀಪಕ್ ಒಂದು ಕ್ಷಣ ಯೋಚಿಸಿದ. "ಕರೀರಿ. ಐದು ನಿಮಿಷ. ಅವಳ ಕೈ ಮಾತ್ರ ತಗೊಳೋಣ, ಗ್ಲೌಸ್ ಹಾಕಿದ್ರೆ ಯಾರ ಕೈ ಅಂತ ಗೊತ್ತಾಗಲ್ಲ. ಮುಖ ನಿಮ್ದು ಮೇಡಂ."

ನಾನು ಗ್ಲೌಸ್ ತಂದಿಟ್ಟೆ.

ಮರಿಯಮ್ಮ ಮಾಸಿದ ಹಸಿರು ಸೀರೆಯಲ್ಲಿ ಬಂದಳು. ದೀಪಕ್ ಎಲ್ಲ ವಿವರಿಸಿದ. ಎಲ್ಲಿ ನಿಲ್ಲಬೇಕು, ಹೇಗೆ ಬಗ್ಗಬೇಕು, ತಲೆ ಎಷ್ಟು ಕೆಳಗಿರಬೇಕು. ಅವಳು ಅವನ ಮಾತು ಕೇಳುತ್ತಿರಲಿಲ್ಲ. ಅರ್ಧ ಬಿಚ್ಚಿದ ಗೌನು ನೋಡುತ್ತಿದ್ದಳು. ದೀಪ ನೋಡಿದಳು. ಕ್ಯಾಮೆರಾ ನೋಡಿದಳು.

"ಹೆಂಗಸ್ರ ಮೈ ಬಿಚ್ಚಿದೆ. ನೀವಿಬ್ರು ಗಂಡಸ್ರು ಯಾಕಪ್ಪಾ ಇಲ್ಲಿದೀರ?"

"ಆಂಟಿ, ಇದು ಆಸ್ಪತ್ರೆ ವಿಡಿಯೋ, ಪರ್ಮಿಷನ್..."

"ಆಚೆ ಹೋಗ್ರಿ."

"ನಿಮಗೆ ಹೇಳಿದ್ದು ಅರ್ಥ ಆಗ್ಲಿಲ್ವಾ?"

"ನಿಮ್ಮವ್ವನ್ನ ಮಲಗಿಸಿ ತೆಗೀರಿ ವಿಡಿಯೋ. ಆಚೆ ಹೋಗ್ರೀ ಮೊದ್ಲು!"

ಹದಿನೈದು ವರ್ಷದಲ್ಲಿ ಅವಳು ದನಿ ಎತ್ತಿದ್ದನ್ನು ಆ ಮಹಡಿಯಲ್ಲಿ ಯಾರೂ ಕೇಳಿರಲಿಲ್ಲ. ಕ್ಯಾಮೆರಾದವನು ಮೊದಲು ಹೊರಟ. ದೀಪಕ್ ನನ್ನ ಮುಖ ನೋಡಿದ, ನಾನು ಪರದೆ ಎಳೆದೆ. ಆ ದಿನ ನಾನಾಗಿ ಮಾಡಿದ ಮೊದಲ ಕೆಲಸ ಅದು.

ಮರಿಯಮ್ಮ ಬಗ್ಗಿದಳು. "ಟೀಚರಮ್ಮ, ನಾನು. ಈಗ ಕಿಟಕಿ ಕಡೆ ಹೋಗಣ." ಸತ್ಯಭಾಮಮ್ಮ ಕಂಬಿ ಬಿಟ್ಟರು. ಮೈ ಒಂದೇ ಸಲಕ್ಕೆ ತಿರುಗಿತು. ಡೈಪರ್ ಒದ್ದೆಯಾಗಿ ಭಾರವಾಗಿತ್ತು. ಅದನ್ನು ಬಿಚ್ಚಿದಳು. 

ವಾಸಿಯಾದ ಜಾಗ ಮತ್ತೆ ಕೆಂಪಾಗಿತ್ತು. ನಡುವೆ ಒಂದು ರೂಪಾಯಿಯಗಲ ಚರ್ಮ ಕಿತ್ತು ರಸ ಒಸರುತ್ತಿತ್ತು.

"ಎಷ್ಟು ಹೊತ್ತಾಯ್ತು ತಿರುಗ್ಸಿ?" ಕೇಳಿದಳು.

"ಒಂಬತ್ತಕ್ಕೆ ಚಾರ್ಟಲ್ಲಿ..."

"ಚಾರ್ಟ್ ಕೇಳ್ಲಿಲ್ಲ ನಾನು."

ಶನಿವಾರದಿಂದ ಹಗಲು ಪಾಳಿಗೆ ಅವಳ ಜಾಗದಲ್ಲಿ ಯಾರನ್ನೂ ಹಾಕಿರಲಿಲ್ಲ. ನಾಲ್ಕನೇ ಮಹಡಿಯ ಆಯಾ ಎರಡೂ ಮಹಡಿ ನೋಡಬೇಕಿತ್ತು. ಅಂದರೆ ಯಾರೂ ನೋಡಲಿಲ್ಲ. ಚಾರ್ಟ್ ಮಾತ್ರ ಭರ್ತಿ ಇತ್ತು. ಶನಿವಾರ, ಭಾನುವಾರ, ಸೋಮವಾರ ಬೆಳಿಗ್ಗೆ. ಎಡ, ಅಂಗಾತ, ಬಲ. ಹಗಲಿನದೆಲ್ಲ ನನ್ನ ಸಹಿ.

"ಬೆಳಿಗ್ಗೆಯಿಂದ ತಿರುಗಿಸಿಲ್ಲ" ಅಂದೆ. "ನಿನ್ನೆ ಒಂದ್ಸಲ. ಮೊನ್ನೆ ಎರಡು ಸಲ ಅನ್ಸುತ್ತೆ."

ವಿಭಾ ಪರದೆಯ ಒಳಗೇ ಇದ್ದಳು. ಬಗ್ಗಿ ನೋಡಿದಳು. ಮುಖ ಬಿಳಿಚಿತು. "ವಾಸಿ ಆಗಿತ್ತಲ್ಲ! ಸಿಸ್ಟರ್, ಚಾರ್ಟಲ್ಲಿ ನಿಮ್ ಸೈನ್ ಇದೆ! ನಿಮ್ಗೆ ಅವಾರ್ಡ್ ಕೊಡಿಸ್ತಿರೋದೇ ನಾನು!"

"ಸೈನ್ ನಂದು ಮೇಡಂ. ತಿರುಗಿಸ್ತಿದ್ದಿದ್ದು ಇವರು. ಏಳು ವಾರಾನೂ ಇವರೇ. ನೀವು ತೆಗೆಸಿದ ಮೇಲೆ ತಿರುಗಿಸೋರಿಲ್ಲ, ಅದಕ್ಕೇ ಚರ್ಮ ಕಿತ್ತಿದೆ. ನಾನು ಸುಳ್ಳು ಸೈನ್ ಹಾಕ್ದೆ. ಶುಕ್ರವಾರ ನೀರು ಕೊಡಿ ಅಂತ ಹೇಳಿದ್ದೂ ನಾನೇ. ಗೊತ್ತಿಲ್ಲ ಅಂತ ಬರ್ಕೊಟ್ಟಿದೀನಿ, ಅದೂ ಸುಳ್ಳು."

ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಹೊಟ್ಟೆಯಲ್ಲಿ ಆರು ವರ್ಷ ಇಟ್ಟುಕೊಂಡಿದ್ದು ಹೊರಗೆ ಬಂತು.

"ಇನ್ನೊಂದು. ನಮ್ಮಮ್ಮ ಪೌರಕಾರ್ಮಿಕಳು. ಇವರ ಕಾಲೊನಿ ಜನಾನೇ ನಾವು. ಏಳು ವಾರ ನಿಮ್ಮಮ್ಮ ನನ್ನ ಕೈಲಿ ಉಂಡಿದಾರೆ, ನೀರು ಕುಡಿದಿದಾರೆ. ಅವ್ರಿಗೇನಾಗಿದೆ ಹೇಳಿ?"

ವಿಭಾ ನನ್ನ ಕಡೆ ತಿರುಗಿದಳು. "ಸಿಸ್ಟರ್, ನಾನು ಜಾತಿ ನೋಡಿ ಹೇಳಿದ್ದಲ್ಲ..."

"ಜಾತಿ ಅಂತ ಯಾರೂ ಅಂದಿಲ್ಲ ಮೇಡಂ" ಅಂದಳು ಮರಿಯಮ್ಮ, ಹುಣ್ಣಿನ ಸುತ್ತ ಒರೆಸುತ್ತಾ. "ನೀವೇ ಅಂದ್ರಿ."

ಹನ್ನೆರಡು ಗಂಟೆಗೆ ನಾನು ಬಿಳಿ ಹಾಳೆಯ ಮೇಲೆ ಹೊಸ ಹೇಳಿಕೆ ಬರೆದೆ. ನೀರು ಕೊಡಲು ಹೇಳಿದವಳು ನಾನು, ಮೂರು ದಿನದ ಚಾರ್ಟ್ ಸುಳ್ಳು, ಹಿಂದಿನ ಹೇಳಿಕೆ ಸುಳ್ಳು, ಪ್ರಶಸ್ತಿ ನನಗೆ ಬೇಡ. ರೇಣುಕವ್ವ ಮೇಡಂ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಹುಚ್ಚ ಹಿಡದೈತೇನು ನಿನಗ? ಇದು ಮ್ಯಾಲೆ ಹೋತಂದ್ರ ಪರ್ಮನೆಂಟ್ ಹೋತು. ಕಾಂಟ್ರಾಕ್ಟೂ ಹೋಗಬಹುದು."

"ಹೋಗ್ಲಿ ಮೇಡಂ."

"ನಿಮ್ಮವ್ವಗ ಏನ್ ಹೇಳ್ತಿ?"

ಹೆದರಿಕೆ ಹೋಗಿರಲಿಲ್ಲ. "ಸೀಲ್ ಹಾಕಿ ಒಂದು ಕಾಪಿ ಕೊಡಿ" ಅಂದೆ.

ಮೇಲೆ ಬಂದರೆ ಮರಿಯಮ್ಮ ಕಾರಿಡಾರಿನಲ್ಲಿ ರೋಗಿಗಳ ಕಡೆಯವರಿಗೆ ಹಾಕಿದ ಕುರ್ಚಿಯಲ್ಲಿ ಕೂತಿದ್ದಳು. ಆಯಾಗಳು ಆ ಕುರ್ಚಿಯಲ್ಲಿ ಕೂರುವಂತಿಲ್ಲ. ತಿಪ್ಪಣ್ಣ ಎದುರಿಗೆ ನಿಂತು ಬೆವರುತ್ತಿದ್ದ. ಅವಳನ್ನು ಹೊರಗೆ ಕಳಿಸಬೇಕೆಂದು ಅವನಿಗೆ ಫೋನ್ ಬಂದಿತ್ತು. "ಎದ್ದೋಗು ಅಂತ ಬಾಯಲ್ಲಿ ಹೇಳಾಯ್ತು ಸಿಸ್ಟರ್. ಮುಟ್ಟಿ ಎಳೆಯೋದಾದ್ರೆ ಅವ್ರೇ ಬಂದು ಎಳೀಲಿ" ಅಂದ.

ವಿಭಾ ಬಂದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ಆಂಟಿ, ಆಗಿದ್ದಾಯ್ತು. ಅಮ್ಮ ನಿಮ್ಮನ್ನೇ ಕೇಳ್ತಿದಾರೆ. ಡಿಸ್ಚಾರ್ಜ್ ಆಗೋವರೆಗೂ ಇದ್ದುಬಿಡಿ. ಅಟೆಂಡರ್ ಪಾಸ್ ನಿಮಗೇ ಕೊಡ್ತೀನಿ. ಆಮೇಲೆ ಮನೆಗೂ ಬನ್ನಿ, ನಾನೇ ನೋಡ್ಕೋತೀನಿ. ನಿಮ್ಮಲ್ಲಿರೋ ಕರುಣೆ ಯಾರಲ್ಲೂ ಇಲ್ಲ."

"ಕರುಣೆ ಗಿರುಣೆ ಬೇಡ ಮೇಡಂ. ನಂದು ಕೆಲಸ. ಹದಿನೈದು ವರ್ಷ ಮಾಡಿರೋ ಕೆಲಸ. ತಪ್ಪು ಮಾಡಿದ್ಲು ಅಂತ ಕಾಗದ ಮಾಡಿ ತೆಗ್ದವ್ರೆ. ಆ ಕಾಗದ ಹೋಗ್ಬೇಕು, ನನ್ನ ಕೆಲಸ ನಂಗೆ ಬರ್ಬೇಕು. ಆಗ ಎದ್ದು ಬರ್ತೀನಿ."

"ಅಲ್ಲೀವರೆಗೂ ಅಮ್ಮನ ಗತಿ?"

"ನೀವಿದೀರಲ್ಲ. ಕೈ ಕಾಲು ಗಟ್ಟಿ ಇದೆ."

ಇದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಅದೇ ವಿಭಾಳಿಗೆ ಹೆಚ್ಚು ನೋವಾಯಿತು ಅನ್ನಿಸುತ್ತದೆ. ಒಂದೂವರೆಗೆ ನಾನೂ ವಿಭಾಳೂ ಸತ್ಯಭಾಮಮ್ಮನನ್ನು ತಿರುಗಿಸಿದೆವು. ಮರಿಯಮ್ಮ ಬಾಗಿಲಲ್ಲಿ ನಿಂತು ಹೇಳಿಕೊಟ್ಟಳು. "ಸೊಂಟ ಹಿಡೀರಿ, ತೋಳು ಎಳೀಬೇಡ್ರಿ. ಮೊದ್ಲು ಅವ್ರಿಗೆ ಹೇಳಿ." ವಿಭಾ ತಾಯಿಯ ಹೇಲನ್ನು ಮೊದಲ ಸಲ ಬಳಿದಳು. ವಾಂತಿ ಬಂದು ಬೇಸಿನ್ನಿಗೆ ಓಡಿದಳು. ಮೂರೂವರೆಗೆ ಮತ್ತೆ ಬಂದಳು. ಅಷ್ಟನ್ನು ಅವಳ ಲೆಕ್ಕಕ್ಕೆ ಹಾಕುತ್ತೇನೆ. ದೂರು ವಾಪಸ್ ತೆಗೆದುಕೊಳ್ಳುತ್ತೀರಾ ಅಂದರೆ ಮಾತ್ರ "ಸಂಜೆ ಮೇಲ್ ಮಾಡ್ತೀನಿ" ಅಂದಳು.

ನಾಲ್ಕಕ್ಕೆ ದೀಪಕ್ ಫೋನ್ ಮಾಡಿದ. "ಮೇಡಂ, ಎಂ.ಡಿ. ಬಂದಾಯ್ತು. ಬ್ಯಾನರ್ ಮೇಲೆ ನಿಮ್ಮ ಫೋಟೊ ಇದೆ. ಸುಮ್ನೆ ಬಂದು ಶಾಲು ಹಾಕಿಸ್ಕೊಂಡು ಹೋಗಿ. ಮಿಕ್ಕಿದ್ದು ನಾಳೆ ನೋಡ್ಕೊಳೋಣ."

"ಬರ್ತೀನಿ. ಮೈಕ್ ಕೊಡ್ತೀರಾ? ಬೆಳಿಗ್ಗೆ ಬರ್ದಿರೋದನ್ನ ಓದ್ತೀನಿ."

ಫೋನ್ ಕಟ್ ಆಯಿತು. ಹತ್ತು ನಿಮಿಷದಲ್ಲಿ ಕೆಳಗಿನಿಂದ ಚಪ್ಪಾಳೆ ಕೇಳಿತು. ಎರಡನೇ ಮಹಡಿಯ ಒಬ್ಬ ನರ್ಸಿಗೆ ಕೊಟ್ಟರಂತೆ. ಓದಿದ ಹೊಗಳಿಕೆ ನನಗಾಗಿ ಬರೆದದ್ದೇ, ಹೆಸರೊಂದು ಬೇರೆ. ಎರಡು ಗಂಟೆಗೊಮ್ಮೆ ತಪ್ಪದೆ ಎಂಬ ಮಾತನ್ನೂ ಬಿಡದೆ ಓದಿದರಂತೆ. ಆ ಹುಡುಗಿ ಇರುವುದು ಹೆರಿಗೆ ವಾರ್ಡಿನಲ್ಲಿ.

ಐದು ಗಂಟೆಗೆ ರೇಣುಕವ್ವ ಮೇಡಂ ಮೇಲೆ ಬಂದರು. ಕೈಯಲ್ಲಿ ಎರಡು ಲಕೋಟೆ. ಒಂದು ನನಗೆ. ಸುಳ್ಳು ದಾಖಲೆಗಾಗಿ ನಿಮ್ಮನ್ನು ಏಕೆ ವಜಾ ಮಾಡಬಾರದು, ಮೂರು ದಿನದೊಳಗೆ ಉತ್ತರಿಸಿ. ನಾನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಸುಳ್ಳು ಸಹಿ ಹಾಕಿದ್ದು ನಿಜ, ಅದಕ್ಕೆ ಉತ್ತರ ಕೊಡಲೇಬೇಕು.

ಇನ್ನೊಂದು ಮರಿಯಮ್ಮನಿಗೆ. "ತಗೋಬೇ. ನಿನ್ನ ಕೆಲಸ ವಾಪಸ್ ಬಂತು. ಎಷ್ಟು ಒದ್ದಾಡೀನಿ ಇದಕ್ಕ ನನಗ ಗೊತ್ತು. ಏಳು, ಯೂನಿಫಾರ್ಮ್ ಹಾಕ್ಕೋ." ಮೇಡಂ ದಣಿದಿದ್ದರು. ಅವರು ನಿಜವಾಗಿಯೂ ಒದ್ದಾಡಿದ್ದರು ಅನ್ನಿಸಿತು.

ಮರಿಯಮ್ಮ ಲಕೋಟೆಯನ್ನು ನನ್ನ ಕೈಗೆ ಕೊಟ್ಟಳು. "ಓದಿ ಸಿಸ್ಟ್ರೇ. ಒಂದಕ್ಷರಾನೂ ಬಿಡ್ದೆ."

ನಾಲ್ಕೇ ಸಾಲು ಇತ್ತು. 'ಆಯಾ ಮರಿಯಮ್ಮ ಇವರು ನಿಯಮ ಉಲ್ಲಂಘಿಸಿ ರೋಗಿಗೆ ನೀರು ಕುಡಿಸಿರುವುದು ಸಾಬೀತಾಗಿರುತ್ತದೆ. ಆದಾಗ್ಯೂ, ಇವರು ವಿಧವೆಯಾಗಿದ್ದು, ಅನುಕಂಪದ ಆಧಾರದ ಮೇಲೆ ಇವರ ತಪ್ಪನ್ನು ಕ್ಷಮಿಸಿ, ಎಚ್ಚರಿಕೆ ನೀಡಿ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ.' ಕೆಳಗೆ ಅವಳು ಹೆಬ್ಬೆಟ್ಟು ಒತ್ತಲು ಜಾಗ. ಎರಡು ಮಾತು ನುಂಗಿ ಓದಿದ್ದರೆ ಅವಳು ಆಗಲೇ ಎದ್ದು ಕೆಲಸಕ್ಕೆ ಇಳಿಯುತ್ತಿದ್ದಳು. ಒಳಗೆ ಸತ್ಯಭಾಮಮ್ಮನ ಸರದಿಗೆ ಇನ್ನು ಅರ್ಧ ಗಂಟೆ ಇತ್ತು. ನಾನು ಒಂದಕ್ಷರವನ್ನೂ ಬಿಡಲಿಲ್ಲ.

"ಅನುಕಂಪ ಅಂದ್ರೆ?"

"ಅಯ್ಯೋ ಪಾಪ ಅನ್ನೋದು" ಅಂದೆ.

ಮರಿಯಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ರೇಣುಕವ್ವ ಮೇಡಂ ಕೈಯಲ್ಲಿ ಇಟ್ಟಳು.

"ಅಯ್ಯೋ ಪಾಪ ಅಂತ ಅಂದ್ಕೊಂಡೇ ನಾನು ಹದಿನೈದು ವರ್ಷ ಎಲ್ರ ಹೇಲು ಬಳ್ದೆ. ನನ್ನ ನೋಡಿ ಯಾರೂ ಅನ್ನೋದು ಬೇಡ. ನಾನು ತಪ್ಪು ಮಾಡಿಲ್ಲ. ಬಾಯಾರ್ದೋರಿಗೆ ನೀರು ಕೊಟ್ಟೆ. ಸಿಸ್ಟ್ರು ಹೇಳಿದ್ರು, ಕೊಟ್ಟೆ. ಹಂಗಂತ ಬರ್ಕೊಂಡು ಬನ್ನಿ."

"ಹಂಗ ಬರಿಯಂಗಿಲ್ಲಬೇ. ಹಂಗ ಬರದ್ರ ತಪ್ಪು ಆಸ್ಪತ್ರೆದು ಆಗ್ತೈತಿ."

"ಹೌದಲ್ಲ ಮೇಡಂ. ಆಸ್ಪತ್ರೆದೇ ಅಲ್ವಾ?"

ರೇಣುಕವ್ವ ಮೇಡಂ ಆ ಕಾಗದವನ್ನು ತಾವೇ ಮೊದಲ ಸಲ ನೋಡುವವರ ಹಾಗೆ ನೋಡಿದರು. ಆಮೇಲೆ ತಿರುಗಿ ಮೆಟ್ಟಿಲಿಳಿದು ಹೋದರು.

"ಏನಂತೀರ ಮರಿಯಮ್ಮ, ಬರ್ಕೊಂಡು ಬರ್ತಾರಾ?" ಕೇಳಿದೆ.

"ಬರ್ದೆ ಏನ್ ಮಾಡ್ತಾರೆ? ನಾನು ಏಳಲ್ಲ" ಅಂದಳು. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಊಟದ ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಕೂತ್ಕೋ."

ಆರು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ಏಕವಚನದಲ್ಲಿ ಕರೆದಳು. ನಾನು ಕೂತೆ.